ಎದುರು ಹಾಸ್ಟೆಲಿನ ಎಳ್ಳುಬೆಲ್ಲ



ಕಳೆದ ಜನವರಿಯ ಮೊದಲ ವಾರದಲ್ಲಿ ನಾವು ಆರು ಮಂದಿ ತಮಿಳುನಾಡಿನ ಪ್ರಾಚೀನ ಜಿನಕ್ಷೇತ್ರಗಳನ್ನು ನೋಡಿಬರಲು ಹೊರಟಿದ್ದೆವು. ಪಳನಿಯ ಸಮೀಪದ ಐವರ್‌ಮಲೈ ಬೆಟ್ಟದಲ್ಲಿ ಬಂಡೆಯ ಮೇಲೆ ಸಾಲಾಗಿ ಕೊರೆದಿರುವ ತೀರ್ಥಂಕರರ ದರ್ಶನವಾಯಿತು. ಅಲ್ಲಿರುವ ಶಾಸನ ಶಕ ವರ್ಷ 792ರದು, ಅಂದರೆ ಕ್ರಿ.ಶ. 870ರದು. ಪಾಂಡ್ಯ ದೊರೆ ವರಗುಣನ ಕಾಲ. ಅಲ್ಲಿಂದ ದಿಂಡಿಗಲ್ ಮಾರ್ಗವಾಗಿ ಸಂಜೆಯ ಹೊತ್ತಿಗೆ ಪೆರಿಯಕುಳಂ ತಲುಪಿದೆವು. ಮರುದಿನ ಕಂಬಂ ಕಣಿವೆಯ ಉತ್ತಮಪಾಳಯಕ್ಕೆ ಹೋಗುವುದಿತ್ತು.

ಪೆರಿಯಕುಳಂನಲ್ಲಿ ನಾವು ಇಳಿದುಕೊಂಡದ್ದು ನಮ್ಮ ಯಜಮಾನರ ಜೊತೆ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದವರೊಬ್ಬರ ಮನೆಯಲ್ಲಿ. ಅವರು ಈಗಿಲ್ಲ. ಮಗ ಮಾವಿನ ಹಣ್ಣಿನ ವ್ಯಾಪಾರ ಮಾಡುತ್ತಾರೆ. ಅವರು ನಮ್ಮವರಲ್ಲ, ದೇವಾಂಗರು. ಆದರೆ ಮನೆಯ ಮಾತು ಕನ್ನಡ. ತೇನಿ, ಬೋಡಿನಾಯಕನೂರು, ಕಂಬಂ ಸೀಮೆಯಲ್ಲಿ ದೇವಾಂಗರೂ ಕಾಪಿಲಿಯರ್ ಎಂದು ಕರೆಸಿಕೊಳ್ಳುವ ಒಕ್ಕಲಿಗರೂ ತಲೆತಲಾಂತರದಿಂದ ನೆಲೆಸಿದ್ದಾರೆ. ಬೀದಿಯಲ್ಲಿ ತಮಿಳು, ಮಕ್ಕಳ ಓದೆಲ್ಲ ತಮಿಳು, ಅಡುಗೆಮನೆಯಲ್ಲಿ ಮಾತ್ರ ಕನ್ನಡ. ಆ ಕನ್ನಡ ಕೇಳಿದಾಗ ನಮ್ಮ ಅಜ್ಜಿಯ ಕಾಲದ ಮಾತು ಕೇಳಿದಂತಾಗುತ್ತದೆ.

ನಾವು ಬರುವ ಮೊದಲೇ ಆ ಮನೆಯ ಸೊಸೆ ಫೋನು ಮಾಡಿ, “ಅಮ್ಮಾ, ನಿಮಗೆ ಏನೇನು ಆಗದು, ಹೇಳಿಬಿಡಿ” ಎಂದು ಕೇಳಿ ಬರೆದುಕೊಂಡಿದ್ದರು. ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ, ಆಲೂಗೆಡ್ಡೆ ಬೇಡ, ಹೊತ್ತು ಮುಳುಗಿದ ಮೇಲೆ ಊಟವೇ ಬೇಡ. ಇಷ್ಟನ್ನೂ ಕೇಳಿಸಿಕೊಂಡು ಮುಖ ಸಿಂಡರಿಸದೆ, ನೀರನ್ನು ಸೋಸಿ, ಬಾಳೆಹೂವಿನ ಪಲ್ಯ, ಅವರೆಕಾಳಿನ ಸಾರು ಮಾಡಿ, ಐದೂವರೆಗೆ ಎಲೆ ಹಾಕಿದರು. ನಾವು ಆರು ಜನರೂ ಸಂತೋಷದಿಂದ ಉಂಡೆವು. ಈ ಊಟದ ವಿಷಯವನ್ನು ವಾಚಕರು ಮರೆಯಬಾರದು. ಮುಂದೆ ಬೇಕಾಗುತ್ತದೆ.

ಊಟವಾದ ಮೇಲೆ ಆ ಮನೆಯ ಮಗಳು ನನ್ನ ಪಕ್ಕ ಬಂದು ಕುಳಿತಳು. ಬಿ.ಎಸ್ಸಿ. ಎರಡನೆಯ ವರ್ಷ. ಬೇರೆ ಊರಿನಲ್ಲಿ ಕಾಲೇಜಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ಆ ಕಡೆಯ ಕಾಲೇಜುಗಳಲ್ಲಿ ಹಬ್ಬದ ರಜೆಗೆ ಮುಂಚೆ ‘ಸಮತ್ವ ಪೊಂಗಲ್’ ಎಂದು ಮಾಡುತ್ತಾರೆ. ಎಲ್ಲ ಜಾತಿ, ಎಲ್ಲ ಮತದ ಮಕ್ಕಳು ಸೇರಿ ಅಂಗಳದಲ್ಲಿ ಮಡಕೆಯಿಟ್ಟು ಪೊಂಗಲ್ ಉಕ್ಕಿಸುವುದು. ಆ ಸಲ ಹಾಸ್ಟೆಲಿನ ಹುಡುಗಿಯರು ಒಂದು ಹೆಜ್ಜೆ ಮುಂದೆ ಹೋಗಿದ್ದರು. ಅವರ ತರಗತಿಯಲ್ಲೇ ಓದುವ, ಆದರೆ ಊರಿನ ಸರ್ಕಾರಿ ಹಾಸ್ಟೆಲಿನಲ್ಲಿರುವ ಹುಡುಗಿಯರನ್ನು ಕರೆಯುವುದು. ಆ ಮೇಲೆ ಒಂದು ಭಾನುವಾರ ಇವರೆಲ್ಲ ಅವರ ಹಾಸ್ಟೆಲಿಗೆ ಹೋಗಿ ಅಲ್ಲಿಯೇ ಊಟ ಮಾಡುವುದು. ಕರೆಯುವುದಕ್ಕೆ ಯಾರ ತಕರಾರೂ ಇರಲಿಲ್ಲ. ಅವರಲ್ಲಿಗೆ ಹೋಗಿ ಉಣ್ಣುವುದು ಎಂದೊಡನೆ ನಾಲ್ಕಾರು ಮನೆಗಳಿಂದ ಫೋನು ಬಂತು. ಈ ಹುಡುಗಿಯ ತಂದೆಯದೂ ಅದರಲ್ಲೊಂದು.

“ಕೂಡದು ಅಂತಲ್ಲ ಅಮ್ಮಾ. ಊರಲ್ಲಿ ಮಾತು ಬರುತ್ತದೆ. ನಾಳೆ ಇವಳಿಗೆ ಗಂಡು ನೋಡಬೇಕಲ್ಲ” ಎಂದರು ಅವರು. ಹುಡುಗಿ ತಂದೆಗೆ ಎದುರು ಹೇಳಲಿಲ್ಲ. ನನ್ನ ಕಡೆ ತಿರುಗಿ, “ಅಜ್ಜಿ, ನೀವು ಹಾಸ್ಟೆಲಿನಲ್ಲಿದ್ದು ಓದಿದವರಂತೆ. ನೀವಾಗಿದ್ದರೆ ಹೋಗುತ್ತಿದ್ದಿರಾ?” ಎಂದು ಕೇಳಿದಳು.

ನಾನು ತಕ್ಷಣ ಉತ್ತರ ಹೇಳಲಾರದೆ ಹೋದೆ. ಏಕೆಂದರೆ ನನ್ನ ಉತ್ತರ ಐವತ್ತು ವರ್ಷ ಹಳೆಯದು, ಮತ್ತು ಅದು ಒಳ್ಳೆಯ ಉತ್ತರವಲ್ಲ.

ನಾನು ಓದಿದ್ದು ನಮ್ಮ ಸಮಾಜದ ಹುಡುಗಿಯರ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು. ಅದು ಇಲ್ಲದಿದ್ದರೆ ನನ್ನಂಥ ಹಳ್ಳಿಯ ಹುಡುಗಿ ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಬೆಳಿಗ್ಗೆ ದರ್ಶನ, ಸಂಜೆ ಹೊತ್ತು ಮುಳುಗುವ ಮೊದಲು ಊಟ, ಪರ್ಯುಷಣದಲ್ಲಿ ಸ್ವಾಧ್ಯಾಯ, ಎಲ್ಲಕ್ಕೂ ಅನುಕೂಲವಿತ್ತು. ಆ ಋಣ ದೊಡ್ಡದು. ಬೀದಿಯ ಆಚೆ ಬದಿಗೆ ಇನ್ನೊಂದು ಸಮುದಾಯದ ಹುಡುಗಿಯರ ಹಾಸ್ಟೆಲು. ಅಲ್ಲಿಯ ಒಬ್ಬಳು ತರಗತಿಯಲ್ಲಿ ನನ್ನ ಬೆಂಚಿನವಳು. ಇಬ್ಬರೂ ಒಂದೇ ಪುಸ್ತಕ ಹಂಚಿಕೊಂಡು ಓದುತ್ತಿದ್ದೆವು. ಒಂದು ಸಂಕ್ರಾಂತಿಗೆ ಅವಳೂ ಇನ್ನಿಬ್ಬರೂ ದೊಡ್ಡ ತಟ್ಟೆಯಲ್ಲಿ ಎಳ್ಳುಬೆಲ್ಲ, ಕಬ್ಬು, ಬಾಳೆಹಣ್ಣು ಇಟ್ಟುಕೊಂಡು ನಮ್ಮ ಬಾಗಿಲಿಗೆ ಬಂದರು. ಮೇಲ್ವಿಚಾರಕಿ ನಗುನಗುತ್ತಲೇ ತಟ್ಟೆ ಇಸಿದುಕೊಂಡರು. ಅವರು ಹೋದ ಮೇಲೆ, “ಯಾರೂ ಮುಟ್ಟಬೇಡಿ. ಯಾವ ಕೈಯಲ್ಲಿ ಮಾಡಿದ್ದೋ” ಎಂದು ಹೇಳಿ, ಅಷ್ಟನ್ನೂ ಕಸ ಗುಡಿಸುವವಳ ಸೆರಗಿಗೆ ಸುರಿಸಿದರು.

ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆ. ನಮ್ಮ ಯಾವ ವ್ರತಕ್ಕೂ ಅದರಿಂದ ಭಂಗವಿರಲಿಲ್ಲ. ಭಂಗ ಬಂದದ್ದು ಬೇರೆ ಯಾವುದಕ್ಕೋ. ಮರುದಿನ ಆ ಗೆಳತಿಗೆ ವಿಷಯ ತಿಳಿದಿತ್ತು. ಹೇಗೆ ತಿಳಿಯಿತೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಬೇರೆ ಬೆಂಚಿಗೆ ಹೋಗಿ ಕುಳಿತಳು, ಅಷ್ಟೆ. ಇನ್ನೂ ಎರಡು ವರ್ಷ ಒಂದೇ ತರಗತಿಯಲ್ಲಿ ಓದಿದೆವು. ‘ತಪ್ಪಾಯಿತು’ ಎಂಬ ಒಂದು ಮಾತು ಹೇಳಲು ನನಗೆ ಎರಡು ವರ್ಷ ಸಾಲಲಿಲ್ಲ. ವರ್ಷವರ್ಷ ಸಂವತ್ಸರಿಯಂದು ಎಲ್ಲರ ಕ್ಷಮೆ ಕೇಳುತ್ತೇನೆ. ಅವಳ ವಿಳಾಸ ಮಾತ್ರ ನನ್ನಲ್ಲಿಲ್ಲ.

ಪೆರಿಯಕುಳಂನ ಆ ಹುಡುಗಿಗೆ ಅಂದು ಇಷ್ಟು ಹೇಳಿದೆ. ಆದರೆ ಅವಳ ಪ್ರಶ್ನೆ ನಮ್ಮೆಲ್ಲರದು. ನಮ್ಮ ಮಕ್ಕಳು ಇಂದು ಊರೂರಿನ ಹಾಸ್ಟೆಲುಗಳಲ್ಲಿ ಓದುತ್ತಿದ್ದಾರೆ. ಒಂದು ಹಾಸ್ಟೆಲಿನ ಮಕ್ಕಳು ಇನ್ನೊಂದು ಹಾಸ್ಟೆಲಿನ ಮಕ್ಕಳೊಡನೆ ಬೆರೆಯುವುದನ್ನು ಹಿರಿಯರಾದ ನಾವು ಪ್ರೋತ್ಸಾಹಿಸಬೇಕೇ, ತಡೆಯಬೇಕೇ? ಈ ತಿಂಗಳು ಅದನ್ನೇ ಕುರಿತು ನಾಲ್ಕು ಮಾತು.

ಮೊದಲು, ಜಾತಿಗೊಂದು ವಿದ್ಯಾರ್ಥಿನಿಲಯ ಏಕೆ ಹುಟ್ಟಿತು ಎಂಬುದನ್ನು ನ್ಯಾಯವಾಗಿ ನೋಡಬೇಕು. ನೂರು ವರ್ಷದ ಹಿಂದೆ ಪಟ್ಟಣದಲ್ಲಿ ಹಳ್ಳಿಯ ಹುಡುಗನಿಗೆ ಊಟವೂ ಇರಲಿಲ್ಲ, ಬಾಡಿಗೆಗೆ ಕೋಣೆಯೂ ಸಿಗುತ್ತಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1905ರಲ್ಲಿ ಲಿಂಗಾಯತರ ವಿದ್ಯಾಭಿವೃದ್ಧಿ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದವು. ಅವುಗಳ ಮೊದಲ ಕೆಲಸಗಳಲ್ಲೊಂದು ಮಕ್ಕಳಿಗೆ ಅನ್ನ, ಆಶ್ರಯ ಒದಗಿಸುವುದು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳ ಶಿಕ್ಷಣಕ್ಕೆ 1897ರಲ್ಲಿಯೇ ಸಂಸ್ಥೆ ಕಟ್ಟಿ, ಅದಕ್ಕಾಗಿ ಸ್ವಂತ ಜಾತಿಯವರ ಬಹಿಷ್ಕಾರ ಸಹಿಸಿದರು. ಕೊಲ್ಹಾಪುರದಲ್ಲಿ ಛತ್ರಪತಿ ಶಾಹು ಮಹಾರಾಜರು 1901ರಿಂದ ಮೊದಲುಗೊಂಡು ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸಲ್ಮಾನರಿಗೆ, ದಲಿತರಿಗೆ ಬೇರೆಬೇರೆ ಬೋರ್ಡಿಂಗುಗಳಿಗೆ ನೆರವಿತ್ತರು. ಕೊಲ್ಹಾಪುರಕ್ಕೆ ವಿದ್ಯಾರ್ಥಿನಿಲಯಗಳ ತವರು ಎಂಬ ಹೆಸರೇ ಬಂತು. ನಮ್ಮ ಉತ್ತರ ಕರ್ನಾಟಕದ ಎಷ್ಟೋ ಜೈನ ಮನೆಗಳ ಹಿರಿಯರು ಅಲ್ಲಿಯ ಬೋರ್ಡಿಂಗಿನ ಅನ್ನ ಉಂಡೇ ವಕೀಲರು, ವೈದ್ಯರು ಆದದ್ದು.

ತೇನಿ ಸೀಮೆಯಲ್ಲೂ ಇದೇ ಕಥೆ. ಬ್ರಿಟಿಷರು ಒಂದಿಡೀ ಸಮುದಾಯಕ್ಕೆ ‘ಅಪರಾಧಿ ಬುಡಕಟ್ಟು’ ಎಂದು ಹಣೆಪಟ್ಟಿ ಹಚ್ಚಿದ್ದರು. ಪಿರಮಲೈ ಕಳ್ಳರ್ ಎಂಬ ಆ ಸಮುದಾಯದ ಮಕ್ಕಳಿಗಾಗಿ ಮದುರೈ, ತೇನಿ, ದಿಂಡಿಗಲ್ ಜಿಲ್ಲೆಗಳಲ್ಲಿ ಬೇರೆಯೇ ಶಾಲೆ, ಹಾಸ್ಟೆಲುಗಳಿವೆ. ಪರಿಶಿಷ್ಟರಿಗೆ ಬೇರೆ, ಹಿಂದುಳಿದ ವರ್ಗದವರಿಗೆ ಬೇರೆ. ಇವುಗಳಿಂದ ಮೊದಲ ತಲೆಮಾರು ಅಕ್ಷರ ಕಲಿಯಿತು. ಇದನ್ನು ಹಗುರವಾಗಿ ಮಾತಾಡಬಾರದು.

ಆದರೆ ಬಿಸಿಲಿಗೆ ಹಾಕಿದ ಚಪ್ಪರವೇ ಕೆಲವೊಮ್ಮೆ ಗೋಡೆಯಾಗಿಬಿಡುತ್ತದೆ. ಹತ್ತು ವರ್ಷದಿಂದ ಇಪ್ಪತ್ತು ವರ್ಷದವರೆಗೆ ತನ್ನವರ ಜೊತೆಯಲ್ಲೇ ಉಂಡು, ತನ್ನವರ ಜೊತೆಯಲ್ಲೇ ಮಲಗಿ, ಎದುರು ಕಟ್ಟಡದವರು ಎಂಥವರೆಂದು ಕೇವಲ ಗಾಳಿಮಾತಿನಿಂದ ತಿಳಿದ ಹುಡುಗ ದೊಡ್ಡವನಾದ ಮೇಲೆ ಏನಾಗುತ್ತಾನೆ? 1989ರಲ್ಲಿ ಇದೇ ಬೋಡಿನಾಯಕನೂರಿನಲ್ಲಿ ಜಾತಿ ಗಲಭೆಯಾಗಿ ಜೀವಗಳು ಹೋದವು. 2023ರ ಆಗಸ್ಟಿನಲ್ಲಿ ತಿರುನೆಲ್ವೇಲಿ ಜಿಲ್ಲೆಯ ನಾಂಗುನೇರಿಯಲ್ಲಿ ದಲಿತ ವಿದ್ಯಾರ್ಥಿಯೊಬ್ಬನ ಮನೆಗೆ ಅವನ ಶಾಲೆಯ ಹುಡುಗರೇ ನುಗ್ಗಿ ಕತ್ತಿಯಿಂದ ಕಡಿದರು. ತಡೆಯಲು ಬಂದ ತಂಗಿಗೂ ಏಟು ಬಿತ್ತು. ಆ ಬಳಿಕ ಸರ್ಕಾರ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಸಮಿತಿ ನೇಮಿಸಿತು. 2024ರ ಜೂನಿನಲ್ಲಿ ಬಂದ ವರದಿ, ಜಾತಿಯನ್ನು ಸೂಚಿಸುವ ಬಣ್ಣದ ಕೈದಾರಗಳನ್ನು ಮಕ್ಕಳು ಕಟ್ಟಿಕೊಳ್ಳಬಾರದು, ಶಾಲೆಗಳ ಹೆಸರಿನಲ್ಲಿ ಜಾತಿ ಇರಬಾರದು ಎಂದು ಸಲಹೆ ಮಾಡಿತು. 2025ರ ಜುಲೈಯಲ್ಲಿ ತಮಿಳುನಾಡು ಸರ್ಕಾರ ತನ್ನ ಇಂಥ ಹಾಸ್ಟೆಲುಗಳಿಗೆಲ್ಲ ‘ಸಾಮಾಜಿಕ ನ್ಯಾಯದ ವಿದ್ಯಾರ್ಥಿನಿಲಯ’ ಎಂಬ ಒಂದೇ ಹೆಸರಿಡುವುದಾಗಿ ಪ್ರಕಟಿಸಿತು. ಒಳ್ಳೆಯದೇ. ಆದರೆ ಹಲಗೆಯ ಮೇಲಿನ ಹೆಸರು ಬದಲಾದರೆ ಸಾಲದು. ಬಾಗಿಲು ದಾಟಿ ಬರುವವರು ಬೇಕು, ದಾಟಿ ಹೋಗುವವರೂ ಬೇಕು.

ಇದು ನಮ್ಮ ದೇಶದ ರೋಗ ಮಾತ್ರವೆಂದು ತಿಳಿಯಬೇಡಿ. ಅಮೆರಿಕದಲ್ಲಿ ಓದುತ್ತಿರುವ ನಮ್ಮ ಮೊಮ್ಮಕ್ಕಳನ್ನು ಕೇಳಿದರೆ ಅಲ್ಲಿಯ ಕಾಲೇಜುಗಳ ಫ್ರೆಟರ್ನಿಟಿ, ಸೊರಾರಿಟಿಗಳ ವಿಷಯ ಹೇಳುತ್ತಾರೆ. ಹುಡುಗರ ಬಳಗ ಫ್ರೆಟರ್ನಿಟಿ, ಹುಡುಗಿಯರದು ಸೊರಾರಿಟಿ. ಗ್ರೀಕ್ ಅಕ್ಷರಗಳ ಹೆಸರು, ಸದಸ್ಯರು ಕೂಡಿ ವಾಸಿಸಲು ಮನೆ, ತಮ್ಮದೇ ಆಚಾರಗಳು. ಬಿಳಿಯರ ಬಳಗಗಳು ಕರಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆದ್ದರಿಂದ 1906ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕರಿಯ ವಿದ್ಯಾರ್ಥಿಗಳು ಆಲ್ಫಾ ಫೈ ಆಲ್ಫಾ ಎಂಬ ತಮ್ಮದೇ ಬಳಗ ಕಟ್ಟಿದರು. ನಮ್ಮ ಒಕ್ಕಲಿಗರ ಸಂಘ ಹುಟ್ಟಿದ ವರ್ಷವೂ ಅದೇ ಎಂಬುದು ನೋಡಿ! ಹೊರಗೆ ನಿಲ್ಲಿಸಿದವರು ಎಲ್ಲ ಕಡೆಯೂ ತಮಗೊಂದು ಸೂರು ಕಟ್ಟಿಕೊಳ್ಳುತ್ತಾರೆ. 1930ರಲ್ಲಿ ಅಂಥ ಬಳಗಗಳೆಲ್ಲ ಕೂಡಿ ತಮ್ಮದೊಂದು ಒಕ್ಕೂಟ ಮಾಡಿಕೊಂಡವು. ಬಿಳಿಯರ ಒಕ್ಕೂಟಗಳು ಬೇರೆ, ಇವರದು ಬೇರೆ. ಒಂದೇ ಕಾಲೇಜಿನಲ್ಲಿ ಎರಡು ಬೀದಿ.

2013ರಲ್ಲಿ ಅಲಬಾಮ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಪ್ರಸಂಗ ನನ್ನ ಮನಸ್ಸಿಗೆ ನಾಟಿದೆ. ಚೆನ್ನಾಗಿ ಓದುವ ಒಬ್ಬ ಕರಿಯ ಹುಡುಗಿ ಬಿಳಿಯರ ಸೊರಾರಿಟಿಗಳಿಗೆ ಅರ್ಜಿ ಹಾಕಿಕೊಂಡಳು. ಅಲ್ಲಿಯ ಹುಡುಗಿಯರಲ್ಲಿ ಅನೇಕರು ಆಕೆಯನ್ನು ಸೇರಿಸಿಕೊಳ್ಳಬೇಕೆಂದೇ ಇದ್ದರು. ತಡೆದವರು ಹಳೆಯ ವಿದ್ಯಾರ್ಥಿನಿಯರು. ಅಂದರೆ ತಾಯಂದಿರ ವಯಸ್ಸಿನವರು! ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆ ಇದನ್ನು ಬಯಲಿಗೆಳೆಯಿತು, ವಿದ್ಯಾರ್ಥಿಗಳೂ ಅಧ್ಯಾಪಕರೂ ಮೆರವಣಿಗೆ ಮಾಡಿದರು, ವಿಶ್ವವಿದ್ಯಾಲಯ ಮಧ್ಯೆ ಬಂದು ಪ್ರವೇಶವನ್ನು ಮತ್ತೆ ತೆರೆಸಿತು. ಪೆರಿಯಕುಳಂಗೂ ಅಲಬಾಮಕ್ಕೂ ಎಷ್ಟು ದೂರ! ಎರಡು ಕಡೆಯೂ ಮಕ್ಕಳು ಕೈ ಚಾಚಿದ್ದರು. ಎರಡು ಕಡೆಯೂ ಕೈ ಹಿಡಿದು ಎಳೆದವರು ಹಿರಿಯರು. ಐವತ್ತು ವರ್ಷದ ಹಿಂದೆ ನಮ್ಮ ಹಾಸ್ಟೆಲಿನಲ್ಲಿ ನಡೆದದ್ದೂ ಅದೇ.

ಈಗ ನಮ್ಮ ಸಮಾಜದ ಒಬ್ಬ ಮಹನೀಯರ ಮಾತು. ಕರ್ಮವೀರ ಭಾವುರಾವ್ ಪಾಟೀಲರ ಹೆಸರು ಕೇಳದವರು ವಿರಳ. 1887ರಲ್ಲಿ ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ ಜೈನ ಕುಟುಂಬದಲ್ಲಿ ಹುಟ್ಟಿದವರು. ಅವರ ಪೂರ್ವಜರು ನಮ್ಮ ಮೂಡಬಿದಿರೆಯ ಕಡೆಯವರೆಂದು ಹೇಳುತ್ತಾರೆ. ಕೊಲ್ಹಾಪುರದಲ್ಲಿ ಜೈನ ಬೋರ್ಡಿಂಗಿನಲ್ಲಿದ್ದು ಓದುತ್ತಿದ್ದರು. 1908ರಲ್ಲಿ ಅಲ್ಲಿ ದಲಿತ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಹಾಸ್ಟೆಲು ಆರಂಭವಾಯಿತು. ಅದರ ಸಮಾರಂಭಕ್ಕೆ ಈ ತರುಣರು ಹೋಗಿಬಂದರು. ಬೋರ್ಡಿಂಗಿಗೆ ಮರಳಿದಾಗ, ಸ್ನಾನ ಮಾಡಿ ಶುದ್ಧರಾಗಿ ಪಂಕ್ತಿಗೆ ಬರಬೇಕೆಂಬ ಕಟ್ಟಳೆಯಾಯಿತು. ಇವರು ಒಪ್ಪಲಿಲ್ಲ. ಬೋರ್ಡಿಂಗು ಬಿಡಬೇಕಾಯಿತು. ಅವರ ಜೀವನಚರಿತ್ರೆ ಬರೆದವರು ಈ ಪ್ರಸಂಗವನ್ನು ಹೇಳುತ್ತಾರೆ. ಗಮನಿಸಿ, ಅವರೇನೂ ವ್ರತ ಕೆಡಿಸಿಕೊಂಡಿರಲಿಲ್ಲ. ಇನ್ನೊಂದು ಹಾಸ್ಟೆಲಿನ ಸಮಾರಂಭಕ್ಕೆ ಅತಿಥಿಯಾಗಿ ಹೋಗಿದ್ದರು, ಅಷ್ಟೆ.

ಹೊರಗೆ ಹಾಕಿಸಿಕೊಂಡ ಆ ಹುಡುಗ ಮುಂದೆ ಏನು ಮಾಡಿದರು? 1919ರಲ್ಲಿ ಕರಾಡ ಸಮೀಪದ ಕಾಲೆ ಎಂಬ ಊರಿನಲ್ಲಿ ರಯತ್ ಶಿಕ್ಷಣ ಸಂಸ್ಥೆ ಸ್ಥಾಪಿಸಿದರು. 1924ರಲ್ಲಿ ಅದು ಸಾತಾರಕ್ಕೆ ಬಂತು. ಅಲ್ಲಿ ಅವರು ನಡೆಸಿದ ಬೋರ್ಡಿಂಗಿನಲ್ಲಿ ಮರಾಠಾ, ಜೈನ, ಮಹಾರ್, ಮುಸಲ್ಮಾನ ಎಂಬ ಭೇದವಿಲ್ಲದೆ ಮಕ್ಕಳು ಒಟ್ಟಿಗೆ ನೀರು ತಂದರು, ಒಟ್ಟಿಗೆ ಬೇಯಿಸಿದರು, ಒಂದೇ ಪಂಕ್ತಿಯಲ್ಲಿ ಉಂಡರು. 1927ರಲ್ಲಿ ಮಹಾತ್ಮಾ ಗಾಂಧಿಯವರು ಅದಕ್ಕೆ ಶಾಹು ಮಹಾರಾಜರ ಹೆಸರನ್ನಿಟ್ಟರು. ಆಗಿನ ಕಾಲಕ್ಕೆ ಇದು ಎಷ್ಟು ದೊಡ್ಡ ಮಾತು ಎಂದು ತಿಳಿಯಬೇಕಾದರೆ ತಮಿಳುನಾಡಿನ ಶೇರನ್ಮಾದೇವಿ ಗುರುಕುಲದ ಕಥೆ ನೆನೆಯಬೇಕು. ಅದೇ 1924-25ರಲ್ಲಿ, ದೇಶಭಕ್ತರು ದೇಶಸೇವೆಗೆಂದೇ ಕಟ್ಟಿದ ಆ ಗುರುಕುಲದಲ್ಲಿ ಬ್ರಾಹ್ಮಣ ಹುಡುಗರಿಗೆ ಬೇರೆ ಊಟದ ಏರ್ಪಾಡು ಇತ್ತೆಂದು ವಿವಾದವೆದ್ದು ಇಡೀ ನಾಡೇ ಎರಡು ಪಾಲಾಯಿತು.

ಭಾವುರಾಯರ ಪತ್ನಿ ಲಕ್ಷ್ಮೀಬಾಯಿಯವರನ್ನು ನೆನೆದರೆ ಕಣ್ಣು ತೇವವಾಗುತ್ತದೆ. ಅವರು ಮಡಿ ಆಚಾರದಲ್ಲಿ ಬೆಳೆದವರು. ಎಲ್ಲ ಜಾತಿಯ ಮಕ್ಕಳು ಮನೆ ತುಂಬಿದಾಗ ಅವರಿಗೆ ಸುಲಭವಾಗಲಿಲ್ಲ. ಆದರೆ ಬರಬರುತ್ತಾ ಆ ಮಕ್ಕಳಿಗೆಲ್ಲ ತಾಯಿಯಾದರು. ಬೋರ್ಡಿಂಗಿನಲ್ಲಿ ಕಾಳು ಮುಗಿದಾಗ ಮೈಮೇಲಿನ ಬಂಗಾರ ಒಂದೊಂದಾಗಿ ಹೋಯಿತು. ಕಡೆಗೆ ಮಂಗಳಸೂತ್ರವೂ ಹೋಯಿತು. 1930ರಲ್ಲಿ ಅವರು ತೀರಿಕೊಂಡರು. 1959ರಲ್ಲಿ ಭಾವುರಾಯರಿಗೆ ಪದ್ಮಭೂಷಣ ಬಂತು. ಅದೇ ವರ್ಷ ಮೇ ತಿಂಗಳಲ್ಲಿ ಅವರೂ ಹೋದರು. ಅವರ ಸಂಸ್ಥೆಯ ಲಾಂಛನ ಆಲದ ಮರ.

ನಮ್ಮ ಕರ್ನಾಟಕದಲ್ಲೂ ಮೇಲ್ಪಂಕ್ತಿಗಳಿಲ್ಲದಿಲ್ಲ. ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಉಜಿರೆಯಲ್ಲಿ ಆರಂಭಿಸಿದ ಸಿದ್ಧವನ ಗುರುಕುಲದಲ್ಲಿ ಬೇರೆಬೇರೆ ಸಮುದಾಯದ ಮಕ್ಕಳು ಕೂಡಿ ದುಡಿದು, ಕೂಡಿ ಓದಿದ್ದಾರೆ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಜಾತಿ ಕೇಳದೆ ಅನ್ನ ಬಡಿಸುತ್ತಾರೆ. ಪೆರಿಯಕುಳಂಗೆ ದೂರವಲ್ಲದ ಗಾಂಧಿಗ್ರಾಮದಲ್ಲಿ ಡಾ. ಸೌಂದರಂ ಮತ್ತು ಜಿ. ರಾಮಚಂದ್ರನ್ ದಂಪತಿಗಳು ಕಟ್ಟಿದ ಗ್ರಾಮೀಣ ಸಂಸ್ಥೆಯಿದೆ. 1956ರಲ್ಲಿ ಆರಂಭವಾದ ಅಲ್ಲಿ ವಿದ್ಯಾರ್ಥಿಗಳ ಶಾಂತಿಸೇನೆಯನ್ನೇ ಕಟ್ಟಿದ್ದರು. ಜಗಳ ಹುಟ್ಟುವ ಮೊದಲೇ ಸ್ನೇಹ ಬೆಳೆಸುವುದು ಅದರ ಉದ್ದೇಶ.

ಇಷ್ಟು ಕೇಳಿದ ಮೇಲೂ ಕೆಲವರು ಹೇಳುತ್ತಾರೆ: “ನಾವು ಬೇರೆಯವರನ್ನು ಕರೆದು ಊಟ ಹಾಕುವುದಿಲ್ಲವೇ? ಮಹಾವೀರ ಜಯಂತಿಗೆ ಎಲ್ಲ ಹಾಸ್ಟೆಲಿನ ಮಕ್ಕಳಿಗೂ ಲಾಡು ಹಂಚುತ್ತೇವಲ್ಲ.” ಹಂಚುತ್ತೇವೆ, ನಿಜ. ಅತಿಥಿ ಸಂವಿಭಾಗ ನಮಗೆ ಶಿಕ್ಷಾವ್ರತ. ಆಹಾರ, ಔಷಧ, ಶಾಸ್ತ್ರ, ಅಭಯ ದಾನಗಳನ್ನು ನಾವು ಕಲಿತೇ ಬೆಳೆದವರು. ಆದರೆ ಬಡಿಸುವ ಕೈ ಯಾವಾಗಲೂ ಮೇಲಿರುತ್ತದೆ. ಎಂದೂ ಕೈ ಒಡ್ಡದೆ ಬರಿದೆ ಬಡಿಸುತ್ತಲೇ ಇದ್ದರೆ ಅದು ದಾನವಾಗಬಹುದು, ಸ್ನೇಹವಾಗದು. ನಮ್ಮ ಮೇಲ್ವಿಚಾರಕಿಯವರೂ ಆ ಹಾಸ್ಟೆಲಿಗೆ ಲಾಡು ಕಳುಹಿಸುತ್ತಿದ್ದರು. ಅವರು ಕೊಟ್ಟ ಎಳ್ಳನ್ನು ಮಾತ್ರ ಬಾಯಿಗೆ ಹಾಕಿಕೊಳ್ಳಲಾರದೆ ಹೋದರು. ಮಕ್ಕಳಿಗೆ ನಾವು ಕಲಿಸಬೇಕಾದದ್ದು ಅತಿಥೇಯರಾಗುವುದನ್ನಷ್ಟೇ ಅಲ್ಲ, ಅತಿಥಿಯಾಗುವುದನ್ನೂ.

“ಹಾಗಾದರೆ ಆಹಾರ ನಿಯಮ?” ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ಅದನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಪೆರಿಯಕುಳಂನಲ್ಲಿ ನಾವು ಆರು ಜನ ಉಂಡೆವಲ್ಲ, ಯಾವ ನಿಯಮ ಕೆಟ್ಟಿತು? ಆ ಮನೆಯವರು ಕೇಳಿದರು, ನಾವು ಹೇಳಿದೆವು, ಅವರು ಮಾಡಿದರು. ನಮ್ಮ ಮಕ್ಕಳಿಗೂ ಹೀಗೆ ಹೇಳುವ ಧೈರ್ಯ ಬರಲಿ. ‘ನಾವು ಇಂಥದ್ದು ತಿನ್ನುವುದಿಲ್ಲ’ ಎನ್ನುವುದು ಬೇರೆ, ‘ನಿಮ್ಮ ಕೈಯದು ತಿನ್ನುವುದಿಲ್ಲ’ ಎನ್ನುವುದು ಬೇರೆ. ಮೊದಲನೆಯದು ವ್ರತ. ಎರಡನೆಯದು ಅಹಂಕಾರ.

ಇಂಥ ಕೂಟಗಳನ್ನು ನಡೆಸಬೇಕೆನ್ನುವ ವಿದ್ಯಾರ್ಥಿನಿಲಯಗಳಿಗೆ, ಆಡಳಿತ ಮಂಡಳಿಯವರಿಗೆ ಕೆಲವು ಸೂಚನೆಗಳು. ಅನುಭವದಿಂದ ಹೇಳುತ್ತಿದ್ದೇನೆ.

ಮೊದಲನೆಯದಾಗಿ, ಊಟಕ್ಕಿಂತ ಮುಂಚೆ ಕೆಲಸವಿರಲಿ. ವೇದಿಕೆ ಹಾಕಿ, ಹಾರ ತುರಾಯಿ, ಭಾಷಣ ಮಾಡಿಸಿದರೆ ಈ ಹಾಸ್ಟೆಲಿನವರು ಈ ಕಡೆ, ಆ ಹಾಸ್ಟೆಲಿನವರು ಆ ಕಡೆ ಕುಳಿತು ಎದ್ದು ಹೋಗುತ್ತಾರೆ. ಅದರ ಬದಲು ಎರಡು ಹಾಸ್ಟೆಲಿನವರೂ ಸೇರಿ ಒಂದು ಕೆರೆಯ ದಂಡೆ ಗುಡಿಸಲಿ, ಗಿಡ ನೆಡಲಿ, ರಕ್ತದಾನ ಶಿಬಿರ ನಡೆಸಲಿ, ಹಳೆಯ ಪಠ್ಯಪುಸ್ತಕಗಳ ಭಂಡಾರ ಮಾಡಲಿ. ಗುದ್ದಲಿ ಹಿಡಿದ ಮೇಲೆ ಮಾತು ತಾನಾಗಿ ಬರುತ್ತದೆ. ಆಟವಾಡಿಸುವುದಾದರೆ ಹಾಸ್ಟೆಲಿಗೆ ಹಾಸ್ಟೆಲು ಎದುರಾಳಿಯಾಗದಂತೆ ಚೀಟಿ ಎತ್ತಿ ಬೆರಕೆ ತಂಡ ಮಾಡಿರಿ.

ಎರಡನೆಯದಾಗಿ, ಅಡುಗೆಯನ್ನು ಕೂಡಿ ಮಾಡಲಿ. ಮಧ್ಯಾಹ್ನ ಮೂರಕ್ಕೆ ಆರಂಭಿಸಿ ಹೊತ್ತು ಮುಳುಗುವ ಮೊದಲೇ ಮುಗಿಸಿದರೆ ನಮ್ಮ ಮಕ್ಕಳಿಗೂ ಅನುಕೂಲ, ಹುಡುಗಿಯರು ಕತ್ತಲಾಗುವ ಮೊದಲು ಮರಳುವುದಕ್ಕೂ ಅನುಕೂಲ. ಪ್ರತಿಯೊಂದು ಪದಾರ್ಥದ ಮುಂದೆ ಅದರಲ್ಲಿ ಏನೇನಿದೆ ಎಂದು ಚೀಟಿ ಬರೆದಿಡಿ. ಬಾಳೆಹಣ್ಣು, ತೆಂಗಿನಕಾಯಿ, ಮಜ್ಜಿಗೆ, ಅವಲಕ್ಕಿ, ಎಳ್ಳುಬೆಲ್ಲ, ಇವಕ್ಕೆ ಯಾರ ಅಡ್ಡಿಯೂ ಇಲ್ಲ.

ಮೂರನೆಯದಾಗಿ, ಸರದಿ ತಪ್ಪಬಾರದು. ಈ ಸಲ ಅವರು ನಮ್ಮಲ್ಲಿಗೆ, ಮುಂದಿನ ಸಲ ನಾವು ಅವರಲ್ಲಿಗೆ. ಅವರ ಹಾಸ್ಟೆಲು ಬಡದಾಗಿರಬಹುದು, ತಟ್ಟೆ ಸಾಲದಿರಬಹುದು. ಇರುವ ತಟ್ಟೆಯನ್ನೇ ತೊಳೆದುಕೊಂಡು ಎರಡು ಪಂಕ್ತಿಯಲ್ಲಿ ಉಣ್ಣಲಿ. ನಮ್ಮ ಕಡೆಯಿಂದ ಸಾಮಾನು ಹೊರಿಸಿಕೊಂಡು ಹೋಗಿ ಅವರ ಮನೆಯಲ್ಲಿ ನಾವೇ ಯಜಮಾನರಾಗುವುದು ಬೇಡ. ಖರ್ಚಿನ ಮಿತಿಯನ್ನು ಬಡ ಹಾಸ್ಟೆಲಿನ ಅಳತೆಗೆ ಇಟ್ಟುಕೊಳ್ಳಿ.

ನಾಲ್ಕನೆಯದಾಗಿ, ಹುಡುಗರ ಹಾಸ್ಟೆಲು, ಹುಡುಗಿಯರ ಹಾಸ್ಟೆಲು ಕೂಡುವ ಕೂಟವಾದರೆ ಎರಡು ಕಡೆಯ ಮೇಲ್ವಿಚಾರಕರೂ ಇರಲಿ, ಊರಲ್ಲಿರುವ ತಂದೆತಾಯಂದಿರನ್ನೂ ಕರೆಯಿರಿ. ಹಿರಿಯ ವಿದ್ಯಾರ್ಥಿಗಳು ಕಿರಿಯರನ್ನು ನಿಲ್ಲಿಸಿ ಹಾಡಿಸುವುದು, ಕುಣಿಸುವುದು, ಅಪಹಾಸ್ಯ ಮಾಡುವುದು ಕೂಡದು. ರ‍್ಯಾಗಿಂಗ್ ತಮಿಳುನಾಡಿನಲ್ಲಿ 1997ರ ಕಾಯ್ದೆಯ ಪ್ರಕಾರ ಅಪರಾಧ. 2009ರ ಯು.ಜಿ.ಸಿ. ನಿಯಮಗಳು ದೇಶದ ಎಲ್ಲ ಕಾಲೇಜುಗಳಿಗೂ ಅನ್ವಯಿಸುತ್ತವೆ. ಇದನ್ನು ಮೊದಲೇ ಓದಿ ಹೇಳಿರಿ. ಬರಲು ಇಷ್ಟವಿಲ್ಲದ ಮಗುವನ್ನು ಒತ್ತಾಯಿಸಬೇಡಿ. ಒಬ್ಬಳು ಬಂದು ಚೆನ್ನಾಗಿತ್ತೆಂದರೆ ಮುಂದಿನ ಸಲ ನಾಲ್ವರು ಬರುತ್ತಾರೆ.

ಇನ್ನು ತಂದೆತಾಯಿಗಳ ನಿಜವಾದ ಭಯ. ಬಾಯಿಬಿಟ್ಟು ಹೇಳದಿದ್ದರೂ ಅದು ಮದುವೆಯ ಭಯ. ಪೆರಿಯಕುಳಂನ ಆ ತಂದೆ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದರು, ಅದಕ್ಕಾಗಿ ಅವರನ್ನು ಗೌರವಿಸುತ್ತೇನೆ. ನಾನೂ ಹೆಣ್ಣು ಹೆತ್ತವಳು. ಆದರೆ ಒಂದು ಯೋಚಿಸಿ. ಇಂದು ಪ್ರತಿ ಮಗುವಿನ ಕೈಯಲ್ಲೂ ಮೊಬೈಲ್ ಇದೆ. ಹಾಸ್ಟೆಲಿನ ಬಾಗಿಲಿಗೆ ಬೀಗ ಹಾಕಿದರೆ ಪರಿಚಯ ತಪ್ಪುವುದಿಲ್ಲ, ನಮ್ಮ ಕಣ್ಣಿಗೆ ಬೀಳುವುದು ತಪ್ಪುತ್ತದೆ. ಹತ್ತು ಜನರ ನಡುವೆ, ಹಗಲಿನಲ್ಲಿ, ಹಿರಿಯರ ಎದುರಿಗೆ ಬೇರೆಯವರೊಡನೆ ಮಾತಾಡಿ ಬೆಳೆದ ಮಗುವಿಗೆ ಜನರನ್ನು ಅಳೆಯುವ ಶಕ್ತಿ ಬರುತ್ತದೆ. ಅಂಥ ಮಗು ಸುಲಭವಾಗಿ ಮೋಸ ಹೋಗುವುದಿಲ್ಲ. ಇಷ್ಟಾದರೂ ಯಾವ ಮನೆಯಲ್ಲೂ ಬೇರೆ ಮದುವೆ ಆಗುವುದೇ ಇಲ್ಲವೆಂದು ನಾನು ಮಾತು ಕೊಡಲಾರೆ. ಅದು ಕೂಟವಿಲ್ಲದ ಊರುಗಳಲ್ಲೂ ಆಗುತ್ತಿದೆ. ಆ ಭಯಕ್ಕಾಗಿ ಸಾವಿರ ಮಕ್ಕಳ ಸ್ನೇಹವನ್ನು ಬಲಿಕೊಡುವುದು ಬುದ್ಧಿವಂತಿಕೆಯಲ್ಲ.

ಮರುದಿನ ಬೆಳಿಗ್ಗೆ ಉತ್ತಮಪಾಳಯಕ್ಕೆ ಹೋದೆವು. ಆ ಹುಡುಗಿಯೂ ನಮ್ಮೊಡನೆ ಬಂದಳು. ಅಲ್ಲಿ ಕರುಪ್ಪಣ್ಣಸಾಮಿಯ ಗುಡಿಯಿರುವ ಬಂಡೆಯ ಮೇಲೆ ಪಾರ್ಶ್ವನಾಥರೂ ಇತರ ತೀರ್ಥಂಕರರೂ ಸಾಲಾಗಿ ನಿಂತಿದ್ದಾರೆ. ಕೆಳಗೆ ವಟ್ಟೆಳುತ್ತು ಲಿಪಿಯ ಬರಹಗಳು. ಅಲ್ಲಿ ಅಜ್ಜಣಂದಿ ಎಂಬ ಮುನಿಗಳ ಹೆಸರಿದೆ. ಐವರ್‌ಮಲೈಯಲ್ಲೂ ಅವರ ಹೆಸರನ್ನು ಕಂಡಿದ್ದೆವು. ಸಾವಿರದ ನೂರು ವರ್ಷದ ಹಿಂದೆ ಅವರು ಊರಿಂದೂರಿಗೆ ನಡೆದು ಹೋದವರು. ಇಂದು ಆ ಊರಿನಲ್ಲಿ ನಮ್ಮವರು ಯಾರೂ ಕಾಣಲಿಲ್ಲ. ಆದರೂ ಆ ಮೂರ್ತಿಗಳು ಉಳಿದಿವೆ. ಅಲ್ಲಿದ್ದ ಮುದುಕರೊಬ್ಬರು ಕರುಪ್ಪಣ್ಣಸಾಮಿಗೆ ಹಚ್ಚಿದ ದೀಪವನ್ನು ತೋರಿಸಿ, “ಇವರೂ ನಮ್ಮ ಸಾಮಿಯೇ” ಎಂದು ತಮಿಳಿನಲ್ಲಿ ಹೇಳಿದರೆಂದು ಹುಡುಗಿ ಕನ್ನಡದಲ್ಲಿ ತಿಳಿಸಿದಳು. ನಮ್ಮ ದೇವರನ್ನು ಬೇರೆಯವರು ಇಷ್ಟು ಕಾಲ ಅತಿಥಿಯಾಗಿ ಇಟ್ಟುಕೊಂಡಿದ್ದಾರೆ. ನಾವು ಒಂದು ಮಧ್ಯಾಹ್ನ ಇನ್ನೊಬ್ಬರ ಹಾಸ್ಟೆಲಿನಲ್ಲಿ ಅತಿಥಿಯಾಗಿ ಕುಳಿತುಕೊಳ್ಳಲಾರೆವೇ?

ಹೊರಡುವಾಗ ಆ ತಂದೆ ಹೂಂ ಎನ್ನಲಿಲ್ಲ, ಉಹೂಂ ಎಂದೂ ಹೇಳಲಿಲ್ಲ. ಹದಿನೈದು ದಿನದ ಮೇಲೆ ಹುಡುಗಿಯ ಫೋನು ಬಂತು. “ಅಜ್ಜಿ, ಭಾನುವಾರ ಹೋಗಿದ್ದೆವು. ಅಪ್ಪನೇ ಬಂದು ಬಿಟ್ಟುಹೋದರು. ಆದರೆ ಒಳಗೆ ಬರಲಿಲ್ಲ, ಗೇಟಿನ ಹತ್ತಿರವೇ ನಿಂತಿದ್ದರು. ಅವರ ವಾರ್ಡನ್ ಅಮ್ಮ ಅಲ್ಲಿಗೇ ಒಂದು ಲೋಟ ಕಾಫಿ ತಂದುಕೊಟ್ಟರು.”

“ಕುಡಿದರೇನಮ್ಮ?” ಎಂದು ಕೇಳಿದೆ.

“ಕುಡಿದರು ಅಜ್ಜಿ.”

ನನಗೆ ಅಷ್ಟು ಸಾಕು. ಮುಂದಿನ ವರ್ಷ ಗೇಟಿನ ಒಳಗೂ ಬಂದಾರು.

ನಿಮ್ಮ ಊರಿನ ವಿದ್ಯಾರ್ಥಿನಿಲಯದ ಎದುರು ಇನ್ನೊಂದು ವಿದ್ಯಾರ್ಥಿನಿಲಯ ಇದ್ದೇ ಇರುತ್ತದೆ. ಈ ಸಂಕ್ರಾಂತಿಗೆ ನಮ್ಮ ಮಕ್ಕಳು ಒಂದು ತಟ್ಟೆ ಎಳ್ಳುಬೆಲ್ಲ ಹಿಡಿದುಕೊಂಡು ಆ ಬಾಗಿಲಿಗೆ ಹೋಗಲಿ. ಅವರು ತಂದರೆ ಅಲ್ಲೇ, ಅವರ ಕಣ್ಣೆದುರಿಗೇ, ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳಲಿ. ಮೇಲ್ವಿಚಾರಕರಾಗಿರುವ ಸೋದರ ಸೋದರಿಯರು ಈ ಒಂದು ಮಾತನ್ನು ನಡೆಸಿಕೊಟ್ಟರೆ ಈ ಮುದುಕಿಯ ಹಳೆಯ ಸಾಲ ಸ್ವಲ್ಪವಾದರೂ ತೀರಿದಂತಾಗುತ್ತದೆ.

ಜೈ ಜಿನೇಂದ್ರ.